ಗಡಿ ದಾಟದ ಕಾರ್ಡು

"ಕೇರಳದ ಆಸ್ಪತ್ರೆಗಳು ದೇಶಕ್ಕೇ ಮಾದರಿ ಅಂತಾರೆ. ನೀವ್ಯಾಕೆ ಜ್ವರ ಬಂದ್ರೂ ಮಂಗಳೂರಿಗೆ ಓಡ್ತೀರಿ?" ಬೆಂಗಳೂರಿನ ಗೆಳೆಯ ಫೋನಿನಲ್ಲಿ ನಗುತ್ತಾ ಕೇಳಿದ. ಜ್ವರಕ್ಕೆ ಓಡುವುದಿಲ್ಲ ಮಾರಾಯ. ಜ್ವರಕ್ಕೆ ನಮ್ಮೂರ ಪ್ರಾಥಮಿಕ ಆರೋಗ್ಯ ಕೇಂದ್ರ ಸಾಕು, ಚೆನ್ನಾಗಿಯೇ ಉಂಟು. ಹಾರ್ಟು, ಕಿಡ್ನಿ ಅಂತ ಬಂದಾಗ ಮಂಗಳೂರು. ಕೇರಳದ ಗಡಿಯಲ್ಲಿರುವ ನಮ್ಮ ಮಂಜೇಶ್ವರದಿಂದ ಮುಕ್ಕಾಲು ಗಂಟೆ. ತಿರುವನಂತಪುರ 500 ಕಿ.ಮೀ.ಗೂ ಜಾಸ್ತಿ. ನಮ್ಮ ಕಾಸರಗೋಡು ಜಿಲ್ಲೆಯ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಕಲ್ಲು ಹಾಕಿದರು. 2020ರಲ್ಲಿ ಗಡಿ ಮುಚ್ಚಿದ ಮೇಲೆ ಅವಸರದಲ್ಲಿ ಅದನ್ನು ಕೋವಿಡ್ ಆಸ್ಪತ್ರೆ ಮಾಡಿದರು. ನಡುವಿನ ವರ್ಷಗಳ ಕಥೆ ಬೇಡ.

ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪಂಚಾಯಿತಿ ಕಾಗದದಲ್ಲಿ ಮಲಯಾಳಂ. ಇದೆಲ್ಲ ನಮಗೆ ಅಭ್ಯಾಸ. ಅಭ್ಯಾಸ ಆಗದೇ ಇರುವುದು ಆಸ್ಪತ್ರೆಯ ಕೌಂಟರು.

ಅಮ್ಮನ ಹತ್ತಿರ ಕೇರಳ ಸರ್ಕಾರದ ಆರೋಗ್ಯ ವಿಮೆ ಕಾರ್ಡ್ ಉಂಟು. ಪ್ಲಾಸ್ಟಿಕ್ ಕವರಿನಲ್ಲಿ, ರೇಷನ್ ಕಾರ್ಡಿನ ಜೊತೆ. ಹೋದ ವರ್ಷ ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಅದನ್ನು ಕೊಟ್ಟೆ. ಕೌಂಟರಿನ ಹುಡುಗಿ ಹಿಂದೆ ಮುಂದೆ ತಿರುಗಿಸಿ, "ಇದು ಕೇರಳದ್ದಲ್ವಾ?" ಅಂದಳು. ಕರ್ನಾಟಕದ ಕಾರ್ಡ್ ಇದೆಯಾ ಅಂತಲೂ ಕೇಳಿದಳು. ಅಚ್ಚ ಕನ್ನಡದಲ್ಲಿ ಇಲ್ಲ ಅಂದೆ. ಕನ್ನಡಕ್ಕೆ ಡಿಸ್ಕೌಂಟ್ ಇಲ್ಲ. ಕೈಯಿಂದ ಕಟ್ಟಿದ್ದಾಯಿತು.

"ನಿಮ್ಮ ಸರ್ಕಾರ ಒಂದು ಕಾನೂನು ಮಾಡಬಾರದಾ?" ಅಂದ ಗೆಳೆಯ. ಮಾಡಬಹುದು, ಗಡಿಯ ತಲಪಾಡಿಯ ತನಕ. ಸಂವಿಧಾನದ ರಾಜ್ಯಪಟ್ಟಿಯಲ್ಲಿ, ಅಂದರೆ ರಾಜ್ಯಗಳು ಕಾನೂನು ಮಾಡಬಹುದಾದ ವಿಷಯಗಳ ಪಟ್ಟಿಯಲ್ಲಿ, 6ನೇ ನಮೂದು ಸಾರ್ವಜನಿಕ ಆರೋಗ್ಯ, ಆಸ್ಪತ್ರೆಗಳದ್ದು. ಆದರೆ 245ನೇ ವಿಧಿ ಪ್ರಕಾರ ವಿಧಾನಸಭೆಯ ಕಾನೂನು ಆ ರಾಜ್ಯದ ನೆಲಕ್ಕೆ ಮಾತ್ರ. ಆಸ್ಪತ್ರೆಗಳ ದರ, ನೋಂದಣಿಗೆ ಕೇರಳ 2018ರಲ್ಲಿ ಕಾಯ್ದೆ ಮಾಡಿತು. ಮಂಗಳೂರಿನ ಆಸ್ಪತ್ರೆಗೆ ಅದು ತಾಗುವುದಿಲ್ಲ. ಅಲ್ಲಿಗೆ ಕರ್ನಾಟಕದ 2007ರ ಕಾಯ್ದೆ. ನಮ್ಮ ಸರ್ಕಾರ ಅಲ್ಲಿನ ಆಸ್ಪತ್ರೆ ಜೊತೆ ಒಪ್ಪಂದ ಮಾಡಿ ದುಡ್ಡು ಕೊಡಬಹುದು, ಹುಕುಂ ಕೊಡುವ ಹಾಗಿಲ್ಲ. ಒಪ್ಪಂದ ಇರುವ ಆಸ್ಪತ್ರೆ ಯಾವುದು ಅಂತ ಹುಡುಕುವುದೇ ನಮ್ಮ ಪಾಡು.

ಅಂದರೆ ಕರ್ನಾಟಕ ಮಾತ್ರ ಆರೋಗ್ಯದ ಹೆಸರಲ್ಲಿ ಏನು ಬೇಕಾದರೂ ಮಾಡಬಹುದಾ? 2020ರ ಮಾರ್ಚ್‌ನಲ್ಲಿ ಕೋವಿಡ್ ಅಂತ ಮಾಡಿತು. ರಸ್ತೆಗೆ ಮಣ್ಣು ಸುರಿದು ಗಡಿ ಮುಚ್ಚಿತು. ಆಂಬುಲೆನ್ಸ್ ಕೂಡ ವಾಪಸ್. ಚಿಕಿತ್ಸೆ ಸಿಗದೆ ಸತ್ತವರಿದ್ದಾರೆ. ಅಮ್ಮನ ಮಾತ್ರೆಗೆ ನಾನು ಒಂದು ಒಳರಸ್ತೆಯಲ್ಲಿ ನಿಂತಿದ್ದೆ. ಆ ಕಡೆಯಿಂದ ವಿಟ್ಲದ ಭಾವ ಬಂದ. ನಡುವೆ ಎದೆ ಎತ್ತರದ ಕೆಂಪು ಮಣ್ಣು. ಮಾತ್ರೆಯ ಕಟ್ಟು ಎಸೆದ, ನಾನು ಹಿಡಿದೆ. ಕ್ರಿಕೆಟ್ ಬಿಟ್ಟ ಮೇಲೆ ಹಿಡಿದ ಒಂದೇ ಕ್ಯಾಚು ಅದು. ಸಿಗದೇ ಹೋಗಿದ್ದರೆ ಅಂತ ಈಗಲೂ ಒಮ್ಮೊಮ್ಮೆ ಅನಿಸುತ್ತದೆ.

ಆಗಲೇ ನಾನು ಈ ಪಟ್ಟಿಗಳನ್ನೆಲ್ಲ ಓದಿದ್ದು. ರಾಜ್ಯಗಳ ನಡುವಿನ ಕ್ವಾರಂಟೈನ್ ಕೇಂದ್ರಪಟ್ಟಿಯ 81ನೇ ನಮೂದು. ಒಂದು ರಾಜ್ಯದಿಂದ ಇನ್ನೊಂದಕ್ಕೆ ರೋಗ ಹರಡುವುದನ್ನು ತಡೆಯುವುದು ಕೇಂದ್ರ, ರಾಜ್ಯ ಎರಡಕ್ಕೂ ಅಧಿಕಾರ ಇರುವ ಸಮವರ್ತಿ ಪಟ್ಟಿಯ 29ನೆಯದು. ರಾಷ್ಟ್ರೀಯ ಹೆದ್ದಾರಿ ಕೇಂದ್ರದ್ದು. ಕೇರಳ ಹೈಕೋರ್ಟಿಗೂ ತನ್ನ ಗಡಿ ಗೊತ್ತಿತ್ತು ನೋಡು. 2020ರ ಏಪ್ರಿಲ್ 1ರಂದು ಕರ್ನಾಟಕಕ್ಕೆ ನೇರ ಆದೇಶ ಕೊಡಲಿಲ್ಲ. ಹೆದ್ದಾರಿಯ ತಡೆ ತೆಗೆಸು ಅಂತ ಕೇಂದ್ರಕ್ಕೆ ಹೇಳಿತು. ಕರ್ನಾಟಕ ಸುಪ್ರೀಂ ಕೋರ್ಟಿಗೆ ಹೋಯಿತು. ಕೂತು ಮಾತಾಡಿ ಅಂದರು ಅಲ್ಲಿ. ಕೊನೆಗೆ ಏಪ್ರಿಲ್ 7ಕ್ಕೆ ರಾಜಿ ಆಯಿತು. ಆಮೇಲೂ ಕಾಗದ ತೋರಿಸಿ ಹೋಗಬೇಕಿತ್ತು.

ನನಗೆ ಉರಿದದ್ದು ಕಾನೂನಿಗಲ್ಲ. ಆ ವಾರ ಬೆಂಗಳೂರಿನ ಕೆಲವರು, "ಕೇರಳದವರನ್ನ ಒಳಗೆ ಬಿಡಬೇಡಿ" ಅಂತ ಬರೆದರು. ಕನ್ನಡದಲ್ಲಿ. ನಾನೂ ಕನ್ನಡದಲ್ಲೇ ಓದಿದೆ. 1956ರಲ್ಲಿ ರಾಜ್ಯಗಳ ಗೆರೆ ಎಳೆದಾಗ ನಮ್ಮಜ್ಜನನ್ನು ಯಾರೂ ಕೇಳಿರಲಿಲ್ಲ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಲಿ ಅಂತ 1967ರಲ್ಲಿ ಗಡಿ ವಿವಾದಕ್ಕೆ ನೇಮಿಸಿದ ಮಹಾಜನ ಆಯೋಗ ಬರೆಯಿತು. ಅದು ಕಾಗದದಲ್ಲೇ ಉಳಿಯಿತು.

ಇದನ್ನು ಬರೆಯುತ್ತಿರುವಾಗಲೇ ಅಮ್ಮ ಒಳಗಿನಿಂದ ಕೇಳಿದರು, ಸೋಮವಾರ ಚೆಕಪ್ಪಿಗೆ ಹೋಗುವಾಗ ಕಾರ್ಡ್ ತಗೊಳ್ಳಬೇಕಾ ಅಂತ. ತಗೊಳ್ಳಿ ಅಂದೆ. ಕೌಂಟರಿನಲ್ಲಿ ಯಾರಿರುತ್ತಾರೋ.