ಮುಟ್ಟಿನ ದಿನಕ್ಕೆ ಮೊದಲೇ ಪ್ರೆಗ್ನೆನ್ಸಿ ಟೆಸ್ಟ್ ಮಾಡಿದರೆ ಸರಿಯಾಗಿ ಗೊತ್ತಾಗುತ್ತದಾ?

ಗಂಡ ಹೆಂಡತಿ ಸೇರಿ ಒಂದು ವಾರವಾಗಿದೆ, ಕಿಟ್‌ನಲ್ಲಿ ಒಂದೇ ಗೆರೆ ಬಂತು (ಅಂದರೆ ಗರ್ಭ ಇಲ್ಲ ಅಂತ), ನಂಬಬಹುದಾ ಅಂತ ಕೇಳಿದ್ದೀರಿ. ಈಗಲೇ ನಂಬಬೇಡಿ. ಕಿಟ್ ಹುಡುಕುವ ಹಾರ್ಮೋನ್ ಇನ್ನೂ ಹುಟ್ಟಿರಲಿಕ್ಕಿಲ್ಲ.

ಅಂಡಾಶಯದಿಂದ ಹೊರಬಂದ ಅಂಡಾಣು ಬದುಕುವುದು ಹೆಚ್ಚೆಂದರೆ 24 ಗಂಟೆ. ವೀರ್ಯಾಣು 5 ದಿನದವರೆಗೂ ಕಾಯಬಲ್ಲದು. ಇವೆರಡೂ ಸೇರುವುದು ಗರ್ಭಕೋಶದಲ್ಲಿ ಅಲ್ಲ, ಅದರ ಪಕ್ಕದ ನಳಿಕೆಯಲ್ಲಿ. ಅಲ್ಲಿಂದ ನಿಧಾನವಾಗಿ ಸಾಗಿ ಗರ್ಭಕೋಶಕ್ಕೆ ಅಂಟಿಕೊಳ್ಳಲು ಸುಮಾರು 6ರಿಂದ 10 ದಿನ ಬೇಕು. ಅಂಟಿಕೊಂಡ ಮೇಲೆ ಎಚ್‌ಸಿಜಿ ಅನ್ನುವ ಹಾರ್ಮೋನ್ ತಾಯಿಯ ರಕ್ತಕ್ಕೆ ಸೇರುತ್ತದೆ.

ಇದರ ಕೆಲಸ ನೋಡಿ, ಎಷ್ಟು ಚೆಂದ. ಅಂಡಾಣು ಹೊರಟ ಜಾಗದಲ್ಲಿ ಹಳದಿ ಬಣ್ಣದ ಒಂದು ಗಂಟು ಉಳಿಯುತ್ತದೆ. ಅದು ಪ್ರೊಜೆಸ್ಟರಾನ್ ಅನ್ನುವ ಇನ್ನೊಂದು ಹಾರ್ಮೋನ್ ಕೊಟ್ಟು ಗರ್ಭಕೋಶದ ಒಳಪದರವನ್ನು ಕಾಪಾಡುತ್ತದೆ. ಗರ್ಭ ನಿಲ್ಲದಿದ್ದರೆ ಸುಮಾರು 14 ದಿನಕ್ಕೆ ಆ ಗಂಟು ಬತ್ತುತ್ತದೆ, ಪದರ ಕಳಚುತ್ತದೆ. ಅದೇ ಮುಟ್ಟು. ಗರ್ಭ ನಿಂತರೆ ಎಚ್‌ಸಿಜಿ ಬಂದು ಗಂಟನ್ನು ಬತ್ತಲು ಬಿಡುವುದಿಲ್ಲ. ಸಾಸಿವೆ ಕಾಳಿಗಿಂತ ಚಿಕ್ಕ ಜೀವ ತಾಯಿಗೆ ‘ನಾನಿದ್ದೇನೆ’ ಅಂತ ಹೇಳಿದ ಹಾಗೆ, ಅಲ್ವಾ?

ಮೊದಮೊದಲು ಎಚ್‌ಸಿಜಿ ಸುಮಾರು 2 ದಿನಕ್ಕೊಮ್ಮೆ ದುಪ್ಪಟ್ಟಾಗುತ್ತದೆ. ಹಾಗಾಗಿ ಮುಟ್ಟಿನ ದಿನ ದಾಟುವವರೆಗೆ ಕಾಯಿರಿ. ಬೆಳಗಿನ ಮೊದಲ ಮೂತ್ರದಲ್ಲಿ ಹಾರ್ಮೋನ್ ಜಾಸ್ತಿ ಇರುತ್ತದೆ, ಅದನ್ನೇ ಬಳಸಿ. ‘ಟಿ’ ಅಕ್ಷರದ ಹತ್ತಿರ ಎರಡನೇ ಗುಲಾಬಿ ಗೆರೆ ಮಸುಕಾಗಿ ಬಂದರೂ ಸುಮ್ನೆ ಬಿಡಬೇಡಿ, ಡಾಕ್ಟರಿಗೆ ತೋರಿಸಿ. ಆಗಲೂ ಒಂದೇ ಗೆರೆ ಬಂದು ಮುಟ್ಟೂ ಆಗದಿದ್ದರೆ, ಕೆಲವು ದಿನ ಬಿಟ್ಟು ಮತ್ತೆ ಮಾಡಿ.