ಹೆಂಚಿನ ಮೇಲಿರುವ 1865 ಮನೆ ಕಟ್ಟಿದ ವರ್ಷವಲ್ಲ

ತೀರ್ಥಹಳ್ಳಿ ಕಡೆಯ ನಿಮ್ಮ ಮೂಲಮನೆಯ ಹೆಂಚಿನಲ್ಲಿ ‘ಬಾಸೆಲ್ ಮಿಷನ್ 1865’ ಅಂತ ಅಚ್ಚಿದೆ, ಮುತ್ತಜ್ಜನ ಅಪ್ಪ ಆ ವರ್ಷವೇ ಮನೆ ಕಟ್ಟಿರಬಹುದೇ, ಅವರ ವಿವರ ಎಲ್ಲಿ ಸಿಕ್ಕೀತು ಅಂತ ಕೇಳಿದ್ದೀರಿ.

1865 ಅಂದರೆ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದ ವರ್ಷ. ಮುಂದೆ ದಶಕಗಟ್ಟಲೆ ಅದೇ ಇಸವಿಯನ್ನು ಅಚ್ಚೊತ್ತಿದರು. ಮೊದಲ ಮಹಾಯುದ್ಧದ ನಂತರ ಕಾರ್ಖಾನೆ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪನಿಯ ಕೈಗೆ ಹೋಯಿತು. ಹಾಗಾಗಿ ಮಿಷನ್ ಹೆಸರಿರುವ ನಿಮ್ಮ ಹೆಂಚು ಅದಕ್ಕೂ ಹಿಂದಿನದು ಎನ್ನಬಹುದು, ಅಷ್ಟೆ. ಮನೆ ಇನ್ನೂ ಹಳೆಯದಿರಬಹುದು. ಮಲೆನಾಡಲ್ಲಿ ಎಷ್ಟೋ ಮನೆಗಳು ಮೊದಲು ಸೋಗೆ, ಹುಲ್ಲಿನ ಮಾಡಿನವೇ. ಹೆಂಚು ಆಮೇಲೆ ಬಂದದ್ದು. ಅಟ್ಟ ಹತ್ತಿ ಜಂತೆ, ತೊಲೆ ನೋಡಿ. ಈಗ ಕೆಲಸಕ್ಕೆ ಬಾರದ ಹಳೆಯ ತೂತು, ಕಚ್ಚುಗಳಿದ್ದರೆ ಮಾಡು ಬದಲಾದದ್ದಕ್ಕೆ ಅದೇ ಸುಳಿವು.

ಹಿರಿಯರ ಹೆಸರು ಹುಡುಕಲು ಭೂದಾಖಲೆ ಹಿಡಿಯಿರಿ. ಮೈಸೂರು ಸೀಮೆಯಲ್ಲಿ ಕಂದಾಯ ಸರ್ವೆ ಶುರುವಾದದ್ದು 1863ರಲ್ಲಿ, ಬ್ರಿಟಿಷ್ ಕಮಿಷನರ್ ಆಳ್ವಿಕೆಯ ಕಾಲ. ಈಗಿನ ಪಹಣಿಯ ಸರ್ವೆ ನಂಬರ್ ಹಿಡಿದು ತಾಲ್ಲೂಕು ಕಚೇರಿಯಲ್ಲಿ ಮೂಲ ಟಿಪ್ಪಣಿ (ಅಳತೆಯ ನಕ್ಷೆ), ಆಕಾರಬಂದ್ (ವಿಸ್ತೀರ್ಣ, ಕಂದಾಯದ ಪಟ್ಟಿ), ಹಳೆಯ ಖಾತೆ ನಕಲಿಗೆ ಅರ್ಜಿ ಹಾಕಿ. ಗದ್ದೆ, ತೋಟದ ಜೊತೆ ಸೊಪ್ಪಿನಬೆಟ್ಟದ (ತೋಟಕ್ಕೆ ಸೊಪ್ಪು ತರುವ ಕಾಡು) ನಂಬರನ್ನೂ ಬಿಡಬೇಡಿ. ತೋಟ ಪಾಲಾದರೂ ಬೆಟ್ಟ ಒಟ್ಟಿಗೇ ಉಳಿದಿದ್ದರೆ ದಾಯಾದಿಗಳ ಹೆಸರೆಲ್ಲ ಒಂದೇ ಕಡೆ ಸಿಕ್ಕಾವು.

ಮನೆಯ ಪೆಟ್ಟಿಗೆಯಲ್ಲಿ ಓದಲಾಗದ ಕಾಗದಗಳಿದ್ದರೆ ದಯವಿಟ್ಟು ಎಸೆಯಬೇಡಿ. ಮರಾಠಿಯ ಹಳೆಯ ಕೂಡುಬರಹವಾದ ಮೋಡಿ ಲಿಪಿಯಲ್ಲಿದ್ದಾವು. ತಾಳೆಗರಿಯಾದರೆ ಹಿಂದೆ ಸಂಸ್ಕೃತ ಬರೆಯಲು ಬಳಸುತ್ತಿದ್ದ ತಿಗಳಾರಿ ಲಿಪಿ ಇರಬಹುದು. ಸಾಗರದ ಹತ್ತಿರ ಕೆಳದಿ ವಸ್ತುಸಂಗ್ರಹಾಲಯದಲ್ಲಿ ಅಂಥ ಹಸ್ತಪ್ರತಿಗಳ ಸಂಗ್ರಹವಿದೆ, ಫೋಟೊ ತೆಗೆದು ಅಲ್ಲಿ ವಿಚಾರಿಸಿ. ಮೊದಲು ಮಾತ್ರ ಮನೆಯ ಹಿರಿಯಜ್ಜಿ ಹತ್ತಿರ ಕೂತು ಹೆಸರುಗಳನ್ನು ಬರೆದುಕೊಳ್ಳಿ. ನಾನು ಮಳೆಗಾಲ ಮುಗಿಯಲಿ ಅಂತ ಕಾದೆ, ಅಷ್ಟರಲ್ಲಿ ನಮ್ಮಜ್ಜಿ ಹೋಗಿಬಿಟ್ಟರು.