ಕೆರೆಯ ವರದಿಯಲ್ಲಿ ಕೆರೆಯೇ ಮೊದಲು ಬರಲಿ

ಪ್ರಿಯ ವಿದ್ಯಾರ್ಥಿಗೆ,

ಕೆ.ಸಿ. ವ್ಯಾಲಿ (ಕೋರಮಂಗಲ–ಚಲ್ಲಘಟ್ಟ ಕಣಿವೆ) ಯೋಜನೆಯ ನೀರು ಬರುವುದಕ್ಕೆ ಮುಂಚೆ ಮತ್ತು ಬಂದ ಮೇಲೆ ಕೋಲಾರ ತಾಲ್ಲೂಕಿನ ಕೆರೆಗಳ ನೀರಿನ ಹರವು ಎಷ್ಟೆಷ್ಟಿತ್ತು ಎಂಬುದನ್ನು ಉಪಗ್ರಹ ಚಿತ್ರಗಳಿಂದ ಅಳೆದು ನೀವು ಬರೆದಿರುವ ಜಿಐಎಸ್ (ಭೌಗೋಳಿಕ ಮಾಹಿತಿ ವ್ಯವಸ್ಥೆ) ವರದಿಯನ್ನು ಪೂರ್ತಿಯಾಗಿ ಓದಿದೆ. ಈಗಿರುವ ರೂಪದಲ್ಲಿ ಇದನ್ನು ನಮ್ಮ ವಿದ್ಯಾರ್ಥಿ ಸಂಚಿಕೆಗೆ ತೆಗೆದುಕೊಳ್ಳಲಾಗದು. ಆದರೆ ಬೆಂಗಳೂರಿನ ಸಂಸ್ಕರಿಸಿದ ತ್ಯಾಜ್ಯನೀರು ಈ ಯೋಜನೆಯ ಮೂಲಕ 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿರುವ ಬಗ್ಗೆ ವಾದ ಮಾಡುವವರು ಎಷ್ಟೋ ಮಂದಿ ಇರುವಾಗ, ಕೂತು ಅಳೆಯಲು ಹೊರಟ ನಿಮ್ಮ ಕೆಲಸ ವ್ಯರ್ಥವಾಗಬಾರದು ಎಂಬ ಕಾಳಜಿಯಿಂದಲೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಮೊದಲ ಅಧ್ಯಾಯವನ್ನು ತೆಗೆದುಹಾಕಿ. ಜಿಐಎಸ್ ಎಂದರೇನು, 1960ರ ದಶಕದಲ್ಲಿ ಕೆನಡಾದಲ್ಲಿ ರೋಜರ್ ಟಾಮ್ಲಿನ್‌ಸನ್ ಅದನ್ನು ಹೇಗೆ ರೂಪಿಸಿದರು ಎಂಬ ವಿವರಗಳು ಸರಿಯಾಗಿಯೇ ಇವೆ. ಆದರೆ ಅವು ಯಾವ ಪಠ್ಯಪುಸ್ತಕದಲ್ಲಾದರೂ ಸಿಗುತ್ತವೆ. ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದ ಮೆನುಗಳ ಪರದೆಚಿತ್ರಗಳೂ ಬೇಡ. ಅವುಗಳ ಬದಲು ಯಾವ ಉಪಗ್ರಹದ, ಯಾವ ದಿನಾಂಕದ ಚಿತ್ರ, ಯಾವ ಬ್ಯಾಂಡುಗಳು (ಬೆಳಕಿನ ತರಂಗಪಟ್ಟಿಗಳು), ನೀರು ಮತ್ತು ನೆಲವನ್ನು ಬೇರ್ಪಡಿಸಲು, ಹಸಿರು ಮತ್ತು ಸಮೀಪದ ಅವಗೆಂಪು ಬೆಳಕಿನ ಪ್ರತಿಫಲನವನ್ನು ಹೋಲಿಸಿ ನೀರನ್ನು ಗುರುತಿಸುವ ಎನ್‌ಡಿಡಬ್ಲ್ಯುಐ ಸೂಚ್ಯಂಕದ ಯಾವ ಮೌಲ್ಯವನ್ನು ಗಡಿಯಾಗಿ ಹಿಡಿದಿರಿ ಎಂಬುದನ್ನು ಬರೆದರೆ, ಮುಂದಿನ ವರ್ಷದ ವಿದ್ಯಾರ್ಥಿಯೊಬ್ಬರು ಅದೇ ಲೆಕ್ಕವನ್ನು ಮತ್ತೆ ಮಾಡಿ ನೋಡಬಹುದು.

ವರದಿಯ ನಿಜವಾದ ತೊಡಕು ನಿಮ್ಮ ತೀರ್ಮಾನದಲ್ಲಿದೆ. ಯೋಜನೆಯಿಂದ ಕೆರೆಗಳು ತುಂಬಿದವು ಎಂದು ಹೇಳಲು ನೀವು 2017ರ ಏಪ್ರಿಲ್ ತಿಂಗಳ ಚಿತ್ರವನ್ನು 2021ರ ಡಿಸೆಂಬರ್ ಚಿತ್ರದೊಂದಿಗೆ ಹೋಲಿಸಿದ್ದೀರಿ. ಒಂದು ಸುಡುಬೇಸಿಗೆ, ಇನ್ನೊಂದು ಹಿಂಗಾರು ಮುಗಿಯುವ ಹೊತ್ತು. ಅದರಲ್ಲೂ 2021ರ ನವೆಂಬರಿನಲ್ಲಿ ಕೋಲಾರದಲ್ಲಿ ಬೆಳೆ ಕೊಚ್ಚಿಹೋಗುವಷ್ಟು ಮಳೆ ಸುರಿದಿತ್ತು. ಯೋಜನೆಯ ನೀರು ಬಾರದ ಕೆರೆಗಳೂ ಆ ವರ್ಷ ಕೋಡಿ ಬಿದ್ದಿರುವಾಗ, ಹೆಚ್ಚಿದ ಹರವಿನಲ್ಲಿ ಯೋಜನೆಯ ಪಾಲೆಷ್ಟು, ಮಳೆಯ ಪಾಲೆಷ್ಟು ಎಂದು ಈ ಎರಡು ಚಿತ್ರಗಳಿಂದ ಹೇಳಲು ಸಾಧ್ಯವೇ ಇಲ್ಲ. ಪ್ರತಿ ವರ್ಷದ ಒಂದೇ ತಿಂಗಳ, ಮೋಡವಿಲ್ಲದ ಚಿತ್ರಗಳನ್ನು ತೆಗೆದುಕೊಳ್ಳಿ. ಯೋಜನೆಯ ನೀರು ಬರುವ ಕೆರೆಗಳ ಪಕ್ಕದಲ್ಲಿ, ಆ ನೀರು ಬಾರದ ಕೆಲವು ಕೆರೆಗಳನ್ನೂ ಅಳೆಯಿರಿ. ಮಳೆಯ ಅಂಕಿಗಳನ್ನು ಅದೇ ಕೋಷ್ಟಕದಲ್ಲಿ ಇಡಿ. ಬೇಸಿಗೆಯ ತಿಂಗಳುಗಳಲ್ಲಿ ಮೊದಲ ಗುಂಪಿನ ಕೆರೆಗಳಲ್ಲಿ ನೀರಿದ್ದು ಎರಡನೆಯ ಗುಂಪಿನವು ಒಣಗಿದ್ದರೆ ನಿಮ್ಮ ಮಾತಿಗೆ ಆಧಾರ ದೊರೆಯುತ್ತದೆ, ಹಾಗಿಲ್ಲದಿದ್ದರೆ ಅದನ್ನೂ ಅಷ್ಟೇ ಸ್ಪಷ್ಟವಾಗಿ ಬರೆಯಬೇಕು.

ಒಂದು ಕೆರೆಯ ಹರವನ್ನು ನೀವು 20.3847 ಹೆಕ್ಟೇರ್ ಎಂದು ಕೊಟ್ಟಿದ್ದೀರಿ. ಸೆಂಟಿನೆಲ್-2 ಉಪಗ್ರಹ ಚಿತ್ರದ ಒಂದು ಪಿಕ್ಸೆಲ್ ಹತ್ತು ಮೀಟರ್ ಚೌಕ, ಅಂದರೆ ನೂರು ಚದರ ಮೀಟರ್. ಕೆರೆ ದುಂಡಗಿದೆ ಎಂದು ಭಾವಿಸಿದರೂ ಅದರ ಅಂಚು ಸುಮಾರು 1,600 ಮೀಟರ್ ಆಗುತ್ತದೆ. ಆ ಅಂಚಿನುದ್ದಕ್ಕೂ ಗೆರೆ ಅರ್ಧ ಪಿಕ್ಸೆಲ್ ಹೊರಗೆ ಸರಿದರೆ ಸುಮಾರು 0.8 ಹೆಕ್ಟೇರ್ ಕೂಡಿಕೊಳ್ಳುತ್ತದೆ, ಒಳಗೆ ಸರಿದರೆ ಅಷ್ಟೇ ಕಳೆದುಹೋಗುತ್ತದೆ. ಹಾಗಿರುವಾಗ ದಶಮಾಂಶದ ನಾಲ್ಕನೆಯ ಸ್ಥಾನ ತಂತ್ರಾಂಶದ್ದೇ ಹೊರತು ಕೆರೆಯದಲ್ಲ. ‘ಸುಮಾರು 20 ಹೆಕ್ಟೇರ್’ ಎಂದು ಬರೆಯಿರಿ, ಏರುಪೇರಿನ ಮಿತಿಯನ್ನೂ ಹೇಳಿ.

ಬೆಂಗಳೂರಿನ ಮಾದರಿ ವರದಿಯನ್ನು ನೋಡಿ ನೀವು ಯುಟಿಎಂ (ಭೂಮಿಯನ್ನು ರೇಖಾಂಶಗಳ ಪ್ರಕಾರ ವಲಯಗಳಾಗಿ ವಿಂಗಡಿಸುವ ನಕ್ಷೆ ಪದ್ಧತಿ) 43ನೇ ವಲಯವನ್ನು ಬಳಸಿದಂತಿದೆ. 43 ಮತ್ತು 44ನೇ ವಲಯಗಳ ಗಡಿ 78 ಡಿಗ್ರಿ ಪೂರ್ವ ರೇಖಾಂಶ. ಕೋಲಾರ ನಗರ ಅದರ ಪೂರ್ವಕ್ಕಿದೆ, ಅಂದರೆ 44ನೇ ವಲಯದಲ್ಲಿ. ಇದರಿಂದ ವಿಸ್ತೀರ್ಣದಲ್ಲಿ ಆಗುವ ವ್ಯತ್ಯಾಸ ತೀರಾ ಅಲ್ಪ, ನಿಮ್ಮ ಫಲಿತಾಂಶ ಕೆಡುವುದಿಲ್ಲ. ಆದರೂ ಆಯ್ಕೆಯನ್ನೂ ಅದರ ಕಾರಣವನ್ನೂ ಒಂದು ವಾಕ್ಯದಲ್ಲಿ ತಿಳಿಸಿ.

ನಿಮ್ಮ ನಕ್ಷೆಯ ಶೇಕಡ 95ರ ನಿಖರತೆಯ ಬಗ್ಗೆ ನೀವು ಪಟ್ಟಿರುವ ಸಮಾಧಾನ ನನಗೆ ಒಪ್ಪಿಗೆಯಾಗಲಿಲ್ಲ. ಪರೀಕ್ಷೆಗೆ ಆರಿಸಿದ ಬಿಂದುಗಳಲ್ಲಿ ನೂರಕ್ಕೆ ತೊಂಬತ್ತೈದು ಒಣನೆಲದಲ್ಲಿದ್ದರೆ, ಇಡೀ ತಾಲ್ಲೂಕನ್ನೇ ನೆಲವೆಂದು ಗುರುತಿಸುವ ನಕ್ಷೆಗೂ ಅಷ್ಟೇ ಅಂಕ ಬರುತ್ತದೆ. ನೀರಿನ ವರ್ಗದ ನಿಖರತೆಯನ್ನು ಬೇರೆಯಾಗಿಯೇ ತೋರಿಸಿ. ಇಲ್ಲಿ ನಿಮ್ಮ ಕೈಯಲ್ಲಿಯೇ ಇರುವ ಒಳ್ಳೆಯ ಸಾಕ್ಷ್ಯವನ್ನು ನೀವು ಗಮನಿಸಿಲ್ಲ: ಅನುಬಂಧದಲ್ಲಿ ಶೀರ್ಷಿಕೆಯೂ ಇಲ್ಲದೆ ಸೇರಿಸಿರುವ, ಏರಿಯ ಮೇಲಿಂದ ತೆಗೆದ ಫೋಟೊದಲ್ಲಿ ತೂಬಿನ ಬಳಿಯ ಮೂಲೆಯ ನೀರಿನ ಮೇಲೆ ಜಲಕಳೆ ದಟ್ಟವಾಗಿ ಹಬ್ಬಿದೆ, ಮತ್ತು ಅದೇ ಮೂಲೆಯನ್ನು ನಿಮ್ಮ ನಕ್ಷೆ ನೆಲವೆಂದು ತೋರಿಸುತ್ತದೆ. ಹಸಿರೆಲೆಗಳು ಸಮೀಪದ ಅವಗೆಂಪು ಕಿರಣಗಳನ್ನು ಹೆಚ್ಚಾಗಿ ಪ್ರತಿಫಲಿಸುವುದರಿಂದ ಸೂಚ್ಯಂಕ ಅಲ್ಲಿ ನೀರನ್ನು ಗುರುತಿಸಲಾರದು. ಆ ಫೋಟೊವನ್ನೂ ನಕ್ಷೆಯ ಅದೇ ಭಾಗವನ್ನೂ ಅಕ್ಕಪಕ್ಕದಲ್ಲಿಟ್ಟು ಒಂದು ಪುಟ ಬರೆಯಿರಿ. ನಿಮ್ಮ ವರದಿಯಲ್ಲಿ ನಾನು ಅತ್ಯಂತ ಕುತೂಹಲದಿಂದ ಓದಲಿರುವ ಪುಟ ಅದೇ.

ಭಾಷೆಯ ವಿಷಯದಲ್ಲಿ ಹೇಳಬೇಕಾದ್ದು ಕಡಿಮೆ. ‘ವಿಶ್ಲೇಷಣೆಯನ್ನು ಮಾಡಲಾಯಿತು’ ಎಂಬಂಥ ವಾಕ್ಯಗಳನ್ನು ‘ವಿಶ್ಲೇಷಿಸಿದೆವು’ ಎಂದು ತಿದ್ದಿ. ಯಾರು ಏನು ಮಾಡಿದರೆಂಬುದು ತಿಳಿಯಲಿ.

ತಿದ್ದಿದ ಪ್ರತಿಯ ಜೊತೆಗೆ ಕೆರೆಗಳ ಗಡಿ ಗುರುತಿಸಿದ ನಕ್ಷೆಯ ಪದರಗಳನ್ನೂ, ನೆಲಪರಿಶೀಲನೆಯ ಬಿಂದುಗಳ ಪಟ್ಟಿಯನ್ನೂ ಕಳುಹಿಸಿ. ಎರಡು ಗುಂಪಿನ ಕೆರೆಗಳ ಹೋಲಿಕೆಗೆ ಸಮಯ ಸಾಲದಿದ್ದರೆ ಕೆರೆಗಳ ಸಂಖ್ಯೆಯನ್ನು ಕಡಿಮೆ ಮಾಡಿ, ಹೋಲಿಕೆಯನ್ನು ಮಾತ್ರ ಬಿಡಬೇಡಿ.